"ಯಾವಾಗ್ಲೂ ಯಾಕೆ ಹಾಳಾಗುತ್ತೆ?" ಅಂತ ಕೇಳುವವರಿಗೆ

ಪ್ರಶ್ನೆ ಇದು: "ಈ ಜಪಾನ್ ಕಾರ್ಟೂನ್‌ಗಳನ್ನ ಸಿನಿಮಾ ಮಾಡಿದ್ರೆ ಯಾವಾಗ್ಲೂ ಯಾಕೆ ಹಾಳಾಗುತ್ತೆ?"

ಆಫೀಸಿನಲ್ಲಿ ಕೇಳುತ್ತಾರೆ. ಮದುವೆ ಮನೆಯಲ್ಲಿ ಕೇಳುತ್ತಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿ ಇಟ್ಟುಕೊಂಡೇ ಕೇಳಿದ್ದಾರೆ. ನನ್ನ ಬ್ಯಾಗಿನ ಮೇಲೆ ಹುಲ್ಲಿನ ಟೋಪಿ ಹಾಕಿದ ಒಂದು ತಲೆಬುರುಡೆಯ ಬಿಲ್ಲೆ ಇದೆ. ಎಲ್ಲಾ ಅದರದೇ ತಪ್ಪು. ಇನ್ನು ಬಾಯಲ್ಲಿ ಹೇಳುವುದಿಲ್ಲ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಮೊದಲು 'ಕಾರ್ಟೂನ್'. ಹಾಗೇ ಅನ್ನಿ, ನನಗೇನೂ ಬೇಜಾರಿಲ್ಲ. (ಇದೆ. ಇರಲಿ ಬಿಡಿ.) ಪುಸ್ತಕದಲ್ಲಿದ್ದರೆ ಮಾಂಗಾ, ಪರದೆಯ ಮೇಲೆ ಓಡಾಡಿದರೆ ಅನಿಮೆ. ಇಷ್ಟು ಗೊತ್ತಿದ್ದರೆ ಸಾಕು.

ನನಗೆ ಉರಿಯುವುದು ಆ 'ಯಾವಾಗ್ಲೂ'. ನೀವು ಓಲ್ಡ್‌ಬಾಯ್ ನೋಡಿ ಮೂರು ದಿನ ನಿದ್ದೆ ಬರಲಿಲ್ಲ ಅಂದಿರಲ್ಲ, ಪಾರ್ಕ್ ಚಾನ್-ವುಕ್ 2003ರಲ್ಲಿ ಮಾಡಿದ ಕೊರಿಯಾದ ಸಿನಿಮಾ, ಅದರ ಮೂಲ ಒಂದು ಜಪಾನಿ ಮಾಂಗಾ. ಟಾಮ್ ಕ್ರೂಸ್ ಸತ್ತು ಸತ್ತು ಮತ್ತೆ ಅದೇ ಬೆಳಗ್ಗೆಗೆ ಏಳುವ 2014ರ ಎಡ್ಜ್ ಆಫ್ ಟುಮಾರೊ ಇದೆಯಲ್ಲ, ಅದು ಹಿರೋಶಿ ಸಕುರಾಜಾಕಾ ಬರೆದ ಜಪಾನಿ ಕಾದಂಬರಿ. ಚೆನ್ನಾಗಿ ಬಂದರೆ ಅದು ಜಪಾನಿನದು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಕೆಟ್ಟರೆ ಮಾತ್ರ ನನ್ನ ಹತ್ತಿರ ಬರುತ್ತೀರಿ, ನಾನೇ ತೆಗೆದ ಹಾಗೆ.

ಒಂದು ಸಲ ಚಿತ್ರದುರ್ಗದಲ್ಲಿ, ತಂಗಿಯ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಇದೇ ಆಯಿತು. ಎದುರಿಗೆ ಕೂತ ಹುಡುಗನೊಬ್ಬ ಫೋನಿನಲ್ಲಿ 2009ರ ಹಾಲಿವುಡ್ ಡ್ರ್ಯಾಗನ್‌ಬಾಲ್ ಸಿನಿಮಾದ ತುಣುಕು ಹಾಕಿಕೊಂಡು ನಗುತ್ತಿದ್ದ. ಪಕ್ಕದಲ್ಲಿದ್ದ ಚಿಕ್ಕಪ್ಪ ಬಗ್ಗಿ ನೋಡಿದರು. ನೋಡಿ, ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಇಡೀ ಸಾಲಿಗೆ ಕೇಳುವ ಹಾಗೆ ಕೇಳಿದರು: "ಅಲ್ಲ ಕಣಮ್ಮಾ, ನಿಮ್ಮ ಜಪಾನಿನೋರ ಕಾರ್ಟೂನು ಪಿಕ್ಚರ್ ಮಾಡಿದ್ರೆ ಯಾವಾಗ್ಲೂ ಯಾಕೆ ಹಿಂಗೆ ಹಾಳಾಗ್ತದೆ?"

'ನಿಮ್ಮ' ಜಪಾನಿನೋರು. ನಾನು ಹುಟ್ಟಿದ್ದು ಚಿತ್ರದುರ್ಗದಲ್ಲೇ, ಜಿಲ್ಲಾ ಆಸ್ಪತ್ರೆಯಲ್ಲಿ.

ಈ ಚಿಕ್ಕಪ್ಪನ ವಿಷಯ ನಿಮಗೆ ಹೇಳಬೇಕು. ತರಾಸು ಅಂದರೆ ಅವರಿಗೆ ಪ್ರಾಣ. 'ನಾಗರಹಾವು' ಕಾದಂಬರಿಯ ಬೆನ್ನು ಕಿತ್ತುಹೋಗಿ ಎರಡು ಸಲ ಬೈಂಡ್ ಮಾಡಿಸಿದ್ದಾರೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಸಿನಿಮಾ ಮಾಡಿದರು. ಅದನ್ನು ನೋಡಿ ತರಾಸು "ಇದು ನಾಗರಹಾವಲ್ಲ, ಕೇರೆಹಾವು" ಅಂದರು ಅನ್ನುವ ಮಾತು ನಮ್ಮೂರಲ್ಲಿ ಎಲ್ಲರಿಗೂ ಬಾಯಿಪಾಠ. ಚಿಕ್ಕಪ್ಪನೂ ವರ್ಷಕ್ಕೆ ನಾಲ್ಕು ಸಲ ಹೇಳುತ್ತಾರೆ. ಹೇಳುವುದೇನೋ ಸರಿ, ಆದರೆ ಟಿವಿಯಲ್ಲಿ ಆ ಸಿನಿಮಾ ಬಂದರೆ ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ. ಓಬವ್ವ ಬಂದಾಗ ಯಾರೂ ಮಾತಾಡುವ ಹಾಗಿಲ್ಲ.

"ಹಾಗಾದ್ರೆ ನಾಗರಹಾವು ಹಾಳಾಯ್ತಾ ಚಿಕ್ಕಪ್ಪಾ?" ಅಂದೆ.

"ಅದು ಬೇರೆ ಕಣಮ್ಮಾ" ಅಂದರು.

ಏನೂ ಬೇರೆ ಅಲ್ಲ. ಅದನ್ನೇ ಹೇಳಬೇಕು ಅಂತ ಹೊರಟೆ. ಅಷ್ಟರಲ್ಲಿ ಅನ್ನ ಬಂತು.

ಅವತ್ತು ಅರ್ಧಕ್ಕೆ ನಿಂತಿದ್ದು ಇಲ್ಲಿ ಮುಂದುವರಿಸುತ್ತೇನೆ. ಡ್ರ್ಯಾಗನ್‌ಬಾಲ್ ಮಾಂಗಾದ ನಾಯಕ ಗೊಕು ಇದ್ದಾನಲ್ಲ, ಕೋಪ ಬಂದರೆ ಅವನ ಕಪ್ಪು ಕೂದಲು ಬಂಗಾರದ ಬಣ್ಣಕ್ಕೆ ತಿರುಗಿ ನೆಟ್ಟಗೆ ನಿಲ್ಲುತ್ತದೆ. ಜಗತ್ತಿನ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ ಕೂದಲು ಅದು. ಅದು ಹುಟ್ಟಿದ್ದು ಹೇಗೆ ಗೊತ್ತಾ? ಮಾಂಗಾ ಅಚ್ಚಾಗುವುದು ಕಪ್ಪು ಬಿಳುಪಿನಲ್ಲಿ. ಗೊಕುವಿನ ಕೂದಲಿಗೆ ಪ್ರತಿ ಚೌಕದಲ್ಲೂ ಕಪ್ಪು ಮಸಿ ತುಂಬಿ ತುಂಬಿ ಸಹಾಯಕನಿಗೆ ಸಾಕಾಗುತ್ತಿತ್ತು. ಬಿಳಿ ಬಿಟ್ಟರೆ ಆ ಕೆಲಸ ಉಳಿಯುತ್ತದೆ ಅಂತ ಮಾಡಿದ್ದು ಎಂದು ಅದನ್ನು ಬರೆದ ಅಕಿರಾ ತೊರಿಯಾಮ ಅವರೇ ಹೇಳಿಕೊಂಡಿದ್ದಾರೆ. ಅಂದರೆ ಅದು ಕೂದಲಲ್ಲ, ಉಳಿಸಿದ ಮಸಿ. ಅದನ್ನು ನಿಜವಾದ ಮನುಷ್ಯನ ತಲೆಗೆ ಹಚ್ಚಿದರೆ ಏನಾಗುತ್ತದೆ? ವಿಗ್ ಆಗುತ್ತದೆ.

ನಮ್ಮ ಕಡೆ ಬಯಲಾಟದ ರಾಕ್ಷಸ ವೇಷ ನೋಡಿದ್ದೀರಾ? ದೊಡ್ಡ ಕಿರೀಟ, ಭುಜಕೀರ್ತಿ, ಮುಖದ ತುಂಬಾ ಬಣ್ಣ. ರಾತ್ರಿ ಎರಡು ಗಂಟೆಗೆ ಆ ವೇಷ ಅಟ್ಟದ ಮೇಲೆ ಬಂದು ಕೂಗಿದರೆ ಮಕ್ಕಳು ಉಚ್ಚೆ ಹೊಯ್ದುಕೊಳ್ಳಬೇಕು. ಅದೇ ವೇಷ ಬೆಳಗ್ಗೆ ಏಳಕ್ಕೆ ಟೀ ಅಂಗಡಿಗೆ ಬಂದು ಬೀಡಿ ಹಚ್ಚಿದರೆ? ಬಣ್ಣ ಅದೇ, ಕಿರೀಟ ಅದೇ. ಹಗಲು ಬಂತು ಅಷ್ಟೇ. ಮಾಂಗಾವನ್ನು ಕ್ಯಾಮೆರಾ ಮುಂದೆ ತರುವುದು ಅಂದರೆ ಅದನ್ನು ಹಗಲಿಗೆ ತರುವುದು.

ಇದು ಜಪಾನಿನವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಮಾಂಗಾವನ್ನು ನಾಟಕವಾಗಿಯೂ ಆಡುತ್ತಾರೆ. ಎರಡು ಆಯಾಮದ ಚಿತ್ರಕ್ಕೂ ಮೂರು ಆಯಾಮದ ಮನುಷ್ಯನಿಗೂ ನಡುವಿನದು ಅಂತ ಅದನ್ನು '2.5 ಆಯಾಮ' ಎನ್ನುತ್ತಾರೆ. 2003ರಲ್ಲಿ ಟೆನಿಸ್ ಆಡುವ ಹುಡುಗರ ಮಾಂಗಾವೊಂದನ್ನು ಹಾಡು ಕುಣಿತ ಸೇರಿಸಿ ರಂಗಕ್ಕೆ ತಂದರು. ರಂಗದ ಮೇಲೆ ಟೆನಿಸ್ ಹೇಗೆ ಆಡುವುದು? ಚೆಂಡೇ ಇಲ್ಲ. ಒಂದು ಬೆಳಕಿನ ಚುಕ್ಕಿ ಆ ಕಡೆಯಿಂದ ಈ ಕಡೆಗೆ ಹಾರುತ್ತದೆ, 'ಟಕ್' ಅಂತ ಶಬ್ದ ಬರುತ್ತದೆ, ಹುಡುಗ ಬ್ಯಾಟು ಬೀಸುತ್ತಾನೆ. ನೀಲಿ ವಿಗ್ ಇದ್ದರೂ ಯಾರೂ ನಗುವುದಿಲ್ಲ. ಕುದುರೆ ಇಲ್ಲದೆ ಸವಾರಿ ತೋರಿಸುವ ಆಟ ನೋಡಿ ಬೆಳೆದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾ?

ಹಾಗಂತ ಕ್ಯಾಮೆರಾದಲ್ಲಿ ಆಗುವುದೇ ಇಲ್ಲ ಅಂತಲ್ಲ. 2012ರ ರುರೌನಿ ಕೆನ್ಶಿನ್ ನೋಡಿ. ಇನ್ನು ಕೊಲ್ಲುವುದಿಲ್ಲ ಅಂತ ಪಣ ತೊಟ್ಟ ಕತ್ತಿವೀರನ ಕತೆ. ನಿರ್ದೇಶಕ ಕೇಶಿ ಒತೊಮೊ ಟಿವಿಯಲ್ಲಿ ಐತಿಹಾಸಿಕ ಧಾರಾವಾಹಿ ಮಾಡಿ ಬಂದವರು. ಅವರಿಗೆ ಧೂಳು, ಬೆವರು, ಹಳೇ ಬಟ್ಟೆ ಹೇಗಿರುತ್ತದೆ ಅಂತ ಗೊತ್ತಿತ್ತು. ಮಾಂಗಾದಲ್ಲಿ ವೇಗ ತೋರಿಸಲು ಹತ್ತು ಗೆರೆ ಎಳೆದರೆ ಮುಗಿಯಿತು. ಇಲ್ಲಿ ಸಾಹಸ ನಿರ್ದೇಶಕ ಕೆಂಜಿ ತನಿಗಾಕಿ ಆ ಗೆರೆಗಳನ್ನು ಹುಡುಗನ ಕಾಲಿಗೆ ಕೊಟ್ಟರು. ತಕೇರು ಸಾತೊ ಗೋಡೆಯ ಪಕ್ಕ ಬಗ್ಗಿ ಓಡುವುದನ್ನು ನೋಡುವಾಗ ಅವನ ಕೆಂಪು ಕೂದಲು ವಿಗ್ ಅನ್ನುವುದು ನನಗೆ ಮರೆತೇ ಹೋಗಿತ್ತು.

ಓಲ್ಡ್‌ಬಾಯ್ ಇನ್ನೊಂದು ದಾರಿ. ಒಬ್ಬನನ್ನು ವರ್ಷಗಟ್ಟಲೆ ಕೂಡಿ ಹಾಕುವುದಷ್ಟನ್ನು ಮಾಂಗಾದಿಂದ ತೆಗೆದುಕೊಂಡರು. ಯಾಕೆ ಕೂಡಿ ಹಾಕಿದರು ಅನ್ನುವುದನ್ನೇ ಬದಲಾಯಿಸಿಬಿಟ್ಟರು. "ಒರಿಜಿನಲ್ ತರಾನೇ ಇದೆಯಾ?" ಅಂತ ಕೇಳಿದರೆ ಅದು ಪೂರಾ ಫೇಲು. ಸಿನಿಮಾ ಮಾತ್ರ ಕಾನ್ ಚಿತ್ರೋತ್ಸವದಲ್ಲಿ ಗ್ರಾಂಡ್ ಪ್ರಿ ಪ್ರಶಸ್ತಿ ಗೆದ್ದಿತು.

ಬಣ್ಣದ ವಿಷಯಕ್ಕೂ ಬರುತ್ತೀರಿ, ಗೊತ್ತು. "ಜಪಾನಿ ಪಾತ್ರಕ್ಕೆ ಹಾಲಿವುಡ್ ಬಿಳಿಯರನ್ನ ಹಾಕಿದ್ರಲ್ಲ?" ಹೌದು, 2017ರ ಗೋಸ್ಟ್ ಇನ್ ದ ಶೆಲ್‌ಗೆ ಸ್ಕಾರ್ಲೆಟ್ ಜೊಹಾನ್ಸನ್‌ರನ್ನು ಹಾಕಿದಾಗ ದೊಡ್ಡ ಗಲಾಟೆ ಆಯಿತು. ಆಗಬೇಕಾದ್ದೇ. ಆದರೆ ಜಪಾನಿನವರು ಇದರ ತಿರುಗಾಮುರುಗಾ ಮಾಡಿದ್ದು ನೋಡಿದ್ದೀರಾ? ಥರ್ಮೇ ರೋಮೇ ಅಂತ ಒಂದು ಮಾಂಗಾ. ಹಳೇ ರೋಮ್‌ನ ಸ್ನಾನಗೃಹ ಕಟ್ಟುವ ಮೇಸ್ತ್ರಿಯೊಬ್ಬ ನೀರಲ್ಲಿ ಮುಳುಗಿ ಇವತ್ತಿನ ಜಪಾನಿನ ಬಿಸಿನೀರಿನ ಸ್ನಾನಗೃಹದಲ್ಲಿ ಎದ್ದು ಬರುತ್ತಾನೆ. 2012ರಲ್ಲಿ ಸಿನಿಮಾ ಆಯಿತು. ಆ ರೋಮನ್ ಯಾರು? ಹಿರೋಶಿ ಅಬೆ. ಅಪ್ಪಟ ಜಪಾನಿ. ಕಣ್ಣು ಮೂಗು ಸ್ವಲ್ಪ ದಪ್ಪ ದಪ್ಪಗೆ ಇರುವ ಜಪಾನಿ ನಟರನ್ನೇ ಹುಡುಕಿ ರೋಮನ್ನರನ್ನಾಗಿ ನಿಲ್ಲಿಸಿದರು. ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. ಅದು ನಗಿಸಲಿಕ್ಕೇ ಮಾಡಿದ್ದು.

ಇಲ್ಲಿಗೆ ಬಂದ ಮೇಲೆ ನಿಮ್ಮ ಪ್ರಶ್ನೆ ಸಾಕು ಅನ್ನಿಸುತ್ತಿದೆ. ಥರ್ಮೇ ರೋಮೇ 580 ಕೋಟಿ ಯೆನ್‌ಗೂ ಜಾಸ್ತಿ ಗಳಿಸಿತು. ಅದನ್ನು ಬರೆದ ಮಾರಿ ಯಮಝಾಕಿ ತಮಗೆ ಸಿನಿಮಾದಿಂದ ಬಂದಿದ್ದು ಸುಮಾರು 10 ಲಕ್ಷ ಯೆನ್ ಅಂತ 2013ರಲ್ಲಿ ಟಿವಿಯಲ್ಲಿ ಹೇಳಿದರು. 580 ಕೋಟಿಯಲ್ಲಿ 10 ಲಕ್ಷ. ಇದನ್ನು ಯಾಕೆ ಯಾರೂ ಕೇಳುವುದಿಲ್ಲ? ಬರೆದವರಿಗೆ ಎಷ್ಟು ಕೊಟ್ಟರು? ಅವರ ಮಾತು ಯಾರಾದರೂ ಕೇಳಿದರಾ?

ಆ ಡ್ರ್ಯಾಗನ್‌ಬಾಲ್ ನೋಡಿ ನಗುತ್ತೀರಲ್ಲ. ತಾನು ಎಚ್ಚರಿಸಿದೆ, ಸಲಹೆ ಕೊಟ್ಟೆ, ಕೇಳಲಿಲ್ಲ ಅಂತ ತೊರಿಯಾಮ ಆಮೇಲೆ ಹೇಳಿದರು. ಅದರ ಚಿತ್ರಕತೆ ಬರೆದವರು 2016ರಲ್ಲಿ ಅಭಿಮಾನಿಗಳ ಕ್ಷಮೆ ಕೇಳಿದರು. ದೊಡ್ಡ ದುಡ್ಡಿನ ಹಿಂದೆ ಹೋದೆ, ನಾನು ಅದರ ಅಭಿಮಾನಿ ಆಗಿರಲಿಲ್ಲ ಅಂದರು. ಕಡಲುಗಳ್ಳರ ಮಾಂಗಾ ಒನ್ ಪೀಸ್‌ನ ಕತೆ ಬೇರೆ. ಅದನ್ನು 1997ರಿಂದ ಬರೆಯುತ್ತಿರುವ ಐಚಿರೊ ಓಡಾ ತನಗೆ ಒಪ್ಪಿಗೆ ಆಗುವವರೆಗೆ ನಟರನ್ನಿಟ್ಟು ಮಾಡಿದ ಸರಣಿ ಬಿಡುಗಡೆ ಆಗುವುದಿಲ್ಲ ಅಂತ ಹೇಳಿಸಿಕೊಂಡೇ ಮುಂದುವರಿದರು. 2023ರಲ್ಲಿ ಬಂತು. ನನ್ನ ಬ್ಯಾಗಿನ ಬಿಲ್ಲೆ ಅದರದೇ.

ಇನ್ನೊಂದನ್ನು ನಾನು ನಗುತ್ತಾ ಹೇಳಲಾರೆ. ಹಿನಾಕೊ ಅಶಿಹಾರಾ ಅಂತ ಒಬ್ಬರು ಮಾಂಗಾ ಬರೆಯುತ್ತಿದ್ದರು. ಹಗಲು ಆಫೀಸು, ರಾತ್ರಿ ಬೆಲ್ಲಿ ಡ್ಯಾನ್ಸ್ ಮಾಡುವ ಹೆಂಗಸಿನ ಕತೆ ಅವರದು. 2023ರ ಕೊನೆಗೆ ಅದು ಟಿವಿ ಧಾರಾವಾಹಿ ಆಯಿತು. ಮಾಂಗಾದಲ್ಲಿದ್ದ ಹಾಗೇ ಇರಬೇಕು ಅನ್ನುವುದು ಅವರ ಷರತ್ತು. ತಿದ್ದಿ ತಿದ್ದಿ ಸಾಕಾಗಿ ಕೊನೆಯ ಎರಡು ಕಂತಿನ ಚಿತ್ರಕತೆ ತಾವೇ ಬರೆದರು. 2024ರ ಜನವರಿಯಲ್ಲಿ ಆದದ್ದನ್ನೆಲ್ಲ ವಿವರಿಸಿ ಬರೆದರು. ಗಲಾಟೆ ಎದ್ದಿತು. ಬರೆದದ್ದನ್ನು ಅಳಿಸಿ, ಯಾರ ಮೇಲೂ ದಾಳಿ ಮಾಡಬೇಕು ಅಂತ ಇರಲಿಲ್ಲ, ಕ್ಷಮಿಸಿ ಅಂತ ಒಂದು ಸಾಲು ಹಾಕಿದರು. ಆ ತಿಂಗಳು ಮುಗಿಯುವುದರೊಳಗೆ ತೀರಿಕೊಂಡರು. ಚಾನೆಲ್ಲು, ಪ್ರಕಾಶಕರು ಇಬ್ಬರೂ ಆಮೇಲೆ ಉದ್ದುದ್ದ ವರದಿ ಹೊರಡಿಸಿದರು. ತಪ್ಪು ಯಾರದು ಎಷ್ಟು ಅಂತ ನಾನು ಇಲ್ಲಿ ಕೂತು ತೂಗಲಾರೆ. ಆದರೆ ಅವತ್ತಿನಿಂದ ಯಾರಾದರೂ "ಒರಿಜಿನಲ್ ತರ ಇಲ್ಲ" ಅಂತ ಸುಮ್ನೆ ಬಾಯಿ ಚಪ್ಪರಿಸಿದರೆ ನನಗೆ ಕಷ್ಟ ಆಗುತ್ತದೆ.

ಬರೆದವರು ಹೇಳಿದ ಹಾಗೇ ಮಾಡಬೇಕು ಅಂತಲೂ ನಾನು ಹೇಳುತ್ತಿಲ್ಲ. ಹಾಗೆ ಮಾಡಿದ್ದರೆ ಓಬವ್ವ ಬರುತ್ತಿದ್ದಳೋ ಇಲ್ಲವೋ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಕತೆಗಳನ್ನು 2006ರಲ್ಲಿ ಗೋರೊ ಮಿಯಾಝಾಕಿ ಅನಿಮೆ ಮಾಡಿದರು. ಸಿನಿಮಾ ಇಷ್ಟವಾಯಿತಾ ಅಂತ ಅವರು ಕೇಳಿದ್ದಕ್ಕೆ ಲೆ ಗ್ವಿನ್ ಅಂದರು: ಹೌದು, ಅದು ನನ್ನ ಪುಸ್ತಕ ಅಲ್ಲ, ನಿಮ್ಮ ಸಿನಿಮಾ, ಒಳ್ಳೆಯ ಸಿನಿಮಾ. ಕೇರೆಹಾವು ಅನ್ನುವುದನ್ನೇ ಇಷ್ಟು ನಯವಾಗಿ ಹೇಳಬಹುದು ನೋಡಿ.

ಅವತ್ತು ಪಂಕ್ತಿಯಲ್ಲಿ ಇದೆಲ್ಲ ಹೇಳಲಾಗಲಿಲ್ಲ. ಆ ರೋಮನ್ ಸ್ನಾನದ ಸಿನಿಮಾ, 580 ಕೋಟಿ, 10 ಲಕ್ಷ, ಇಷ್ಟು ಮಾತ್ರ ಸಾರು ಮುಗಿಯುವುದರೊಳಗೆ ಹೇಳಿದೆ. ಚಿಕ್ಕಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನನ್ನಲ್ಲ, ಇಡೀ ಸಾಲನ್ನು ಕೇಳಿದರು:

"ಅಲ್ರೋ, ನಾಗರಹಾವಿಗೆ ತರಾಸುಗೆ ಎಷ್ಟು ಕೊಟ್ಟಿದ್ರು?"

ಯಾರೂ ಮಾತಾಡಲಿಲ್ಲ. ಬಡಿಸುವ ಹುಡುಗ ಬಂದು, "ಮಜ್ಜಿಗೆ ಯಾರಿಗೆ?" ಅಂದ.