“ನಿಮ್ಮ ಅಲ್ಲಾಗೆ ಕನ್ನಡ ಬರಲ್ವಾ ಮೇಡಂ?”

ಈ ಪ್ರಶ್ನೆಯನ್ನು ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಮೊನ್ನೆ ಬೆಣ್ಣೆದೋಸೆಗೆ ಕಾಯುತ್ತಾ ನಿಂತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಕೇಳಿದ. “ನೀವು ಕನ್ನಡ ಪಾಠ ಮಾಡ್ತೀರಿ, ಮನೇಲೂ ಕನ್ನಡಾನೇ ಮಾತಾಡ್ತೀರಿ. ದೇವರ ಹತ್ರ ಮಾತ್ರ ಅರಬ್ಬಿ ಯಾಕೆ? ನಿಮ್ಮ ಅಲ್ಲಾಗೆ ಕನ್ನಡ ಬರಲ್ವಾ ಮೇಡಂ?” ಅವನ ದನಿಯಲ್ಲಿ ಕುಹಕ ಇರಲಿಲ್ಲ. ಕ್ಲಾಸಿನಲ್ಲಿ ಕೊನೆಯ ಬೆಂಚಿನಿಂದ ಎದ್ದು ಸಂಧಿ ಯಾಕೆ ಹೀಗಾಯಿತು ಎಂದು ಕೇಳುತ್ತಿದ್ದನಲ್ಲ, ಅದೇ ದನಿ.

ಇದೇ ಪ್ರಶ್ನೆ ಇನ್ನೊಂದು ಬಾಗಿಲಿನಿಂದಲೂ ಬರುತ್ತದೆ. ನಮ್ಮ ಬೀದಿಯಲ್ಲಿ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳಿದ್ದಾಳೆ. ಗಂಡ ಇಲ್ಲ, ಒಬ್ಬಳೇ ಮಗಳು. ಒಂದು ಸಂಜೆ ಬಾಗಿಲಲ್ಲಿ ನಿಂತು ಸಂಕೋಚದಿಂದ ಕೇಳಿದಳು: “ಅಕ್ಕಾ, ನಂಗೆ ಅರಬ್ಬಿ ಓದಾಕೆ ಬರಲ್ಲ. ಚಿಕ್ಕೋಳಿದ್ದಾಗ ಕಲ್ತಿದ್ದು ಮರ್ತೋಗೈತಿ. ನನ್ನ ದುವಾ ಮೇಲೆ ಹೋಗ್ತೈತಾ?” ಹುಡುಗನದು ಕುತೂಹಲ, ಇವಳದು ಭಯ. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನಮಾಜು ಬೇರೆ, ದುವಾ ಎನ್ನುವ ಬೇಡಿಕೆ ಬೇರೆ. ನಮಾಜಿಗೆ ಹೊತ್ತಿದೆ, ದಿಕ್ಕಿದೆ, ಮುಂಚೆ ಕೈಕಾಲು ಮುಖ ತೊಳೆಯುವ ವುಜೂ ಇದೆ, ನಿಲ್ಲುವುದಕ್ಕೂ ಬಾಗುವುದಕ್ಕೂ ಕ್ರಮವಿದೆ. ಅಲ್ಲಿ ಓದುವುದು ಅರಬ್ಬಿಯೇ. ಜಕಾರ್ತಾದವನೂ ಜಗಳೂರಿನವನೂ ಒಂದೇ ಸಾಲಿನಲ್ಲಿ ನಿಲ್ಲಬೇಕಾದರೆ ಒಂದೇ ಮಾತು ಬೇಕಾಗುತ್ತದೆ. ಐದು ಹೊತ್ತಿನ ಕಡ್ಡಾಯ ನಮಾಜಿನಲ್ಲಿ ಒಟ್ಟು 17 ರಕಾತ್, ಅಂದರೆ ನಿಂತು, ಬಾಗಿ, ನೆಲಕ್ಕೆ ಹಣೆಯಿಡುವ ಸುತ್ತುಗಳು. ಪ್ರತಿ ರಕಾತಿನಲ್ಲೂ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ. ಏಳೇ ವಾಕ್ಯಗಳ ಆ ಅಧ್ಯಾಯವೂ ಒಂದು ದುವಾ: ‘ನಮ್ಮನ್ನು ನೇರ ದಾರಿಯಲ್ಲಿ ನಡೆಸು’. ನಮ್ಮ ಕಡೆಯ ಹನಫಿ ಪಂಥದ ಇಮಾಮರು ನಮಾಜಿನೊಳಗೆ ಕನ್ನಡ ಬೇಡ ಎನ್ನುತ್ತಾರೆ, ನಾನೂ ಹಾಗೇ ನಡೆದುಕೊಳ್ಳುತ್ತೇನೆ. ಆದರೆ ಸಲಾಮು ಹೇಳಿ ನಮಾಜು ಮುಗಿಸಿ ಎರಡೂ ಅಂಗೈ ಎತ್ತಿದಿರೋ, ಅಲ್ಲಿಂದಾಚೆ ಭಾಷೆಯ ಕಟ್ಟಿಲ್ಲ. ದುವಾ ಎಂದರೆ ಕರೆಯುವುದು, ಅಷ್ಟೇ. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಹಾಸಿಗೆ ಹಿಡಿದು ಮಲಗಿದಲ್ಲಿ, ಕೈ ಎತ್ತಿಯೂ ಎತ್ತದೆಯೂ ಕರೆಯಬಹುದು.

ನನಗೆ ದುವಾ ಕಲಿಸಿದವಳು ಚಳ್ಳಕೆರೆ ಕಡೆಯ ನನ್ನ ಅಜ್ಜಿ. ನಾವು ಪಿಂಜಾರರು, ಹತ್ತಿ ಹಿಂಜುವವರು. ನಮ್ಮಲ್ಲಿ ಬಹಳ ಮನೆಗಳಲ್ಲಿ ಕನ್ನಡವೋ ತೆಲುಗೋ ಮನೆಮಾತು. ಅಜ್ಜಿಗೆ ಉರ್ದುವೇ ಅಷ್ಟಕ್ಕಷ್ಟೆ, ಅರಬ್ಬಿಯಲ್ಲಿ ಬಿಸ್ಮಿಲ್ಲಾ, ಫಾತಿಹಾ, ಕುರ್‌ಆನಿನ ಮತ್ತೆರಡು ಸಣ್ಣ ಸೂರಾ (ಅಧ್ಯಾಯ) ಬಾಯಿಪಾಠ. ಅದು ಮುಗಿದ ಮೇಲೆ ಅವಳ ನಿಜವಾದ ಮಾತು ಶುರು. ನಾನು ಪಕ್ಕದಲ್ಲಿ ಮಲಗಿದಂತೆ ನಟಿಸಿ ಕೇಳಿಸಿಕೊಳ್ಳುತ್ತಿದ್ದೆ.

“ಅಲ್ಲಾಸಾಮಿ, ಕರೇ ಮೇಕೆ ಇವತ್ತೋ ನಾಳೆಯೋ ಮರಿ ಹಾಕ್ತೈತೆ, ಒಂದು ಹೆಣ್ಮರಿ ಕೊಡು. ದೊಡ್ಡೋನಿಗೆ ಕುಡಿಯೋ ಬುದ್ಧಿ ಬಿಡ್ಸು. ಪಕ್ಕದ್ಮನೆ ಗೌರಮ್ಮನ ಸೊಸೆಗೆ ಹೆರಿಗೆ ಸುಸೂತ್ರ ಆಗ್ಲಿ, ಹುಡುಗಿ ಬಾಳ ಬಡಕಲು. ನನ್ನ ಮಂಡಿ ನೋವು... ಅದ್ನ ಆಮೇಲೆ ನೋಡನ, ಅವಸರ ಇಲ್ಲ.”

ದಾವಣಗೆರೆಯ ನೆಂಟರು ಇದನ್ನು ಕೇಳಿ ಮೂಗು ಮುರಿಯುತ್ತಿದ್ದರು. ಹೀಗಾ ದುವಾ ಮಾಡೋದು, ಕನಿಷ್ಠ ಉರ್ದುವಿನಲ್ಲಾದರೂ ಮಾಡಬಾರದಾ ಎಂದು. ಅಜ್ಜಿ ಸುಮ್ಮನಾಗುತ್ತಿದ್ದಳು. ಅವಳಿಗೆ ಒಂದು ಹದೀಸ್, ಅಂದರೆ ಪ್ರವಾದಿಯವರ ನುಡಿ-ನಡೆಯ ವರದಿ, ಗೊತ್ತಿದ್ದಿದ್ದರೆ ಸುಮ್ಮನಾಗಬೇಕಿರಲಿಲ್ಲ. ಅಬೂದಾವೂದರ ಸಂಗ್ರಹದಲ್ಲಿದೆ. ಪ್ರವಾದಿ ಮುಹಮ್ಮದರು (ಸ: ಅವರ ಮೇಲೆ ಶಾಂತಿ ಇರಲಿ) ಒಬ್ಬನನ್ನು ಕೇಳುತ್ತಾರೆ, ನಮಾಜಿನಲ್ಲಿ ಏನೆಂದು ಬೇಡಿಕೊಳ್ಳುತ್ತೀ ಎಂದು. ಅವನು ಹೇಳುತ್ತಾನೆ: ಸ್ವರ್ಗ ಕೊಡು, ನರಕದಿಂದ ಕಾಪಾಡು ಅಂತೀನಿ. ನಿಮ್ಮ ಹಾಗೆ, ಮುಆದರ ಹಾಗೆ ಗುಣುಗುಣು ಮಾಡಲು ನನಗೆ ಚೆನ್ನಾಗಿ ಬರುವುದಿಲ್ಲ. ಮುಆದರೆಂದರೆ ದೊಡ್ಡ ವಿದ್ವಾಂಸರು, ಮುಂದೆ ಯೆಮನಿಗೆ ಪ್ರವಾದಿಯವರೇ ಕಳಿಸಿದವರು. ಅದಕ್ಕೆ ಪ್ರವಾದಿಯವರ ಉತ್ತರ: ನಾವು ಗುಣುಗುಟ್ಟುವುದೂ ಅದರ ಸುತ್ತಲೇ. ಅರಬ್ಬಿಯಲ್ಲಿ ಆ ಗುಣುಗುಣುವಿಗೆ ‘ದಂದನ’ ಎನ್ನುತ್ತಾರೆ. ಕೇಳಿದರೆ ನಮ್ಮೂರಿನ ಅನುಕರಣ ಪದವೇ ಅನಿಸುತ್ತದೆ.

ಅರಬ್ಬಿ ಬರುವವನೇ, ಅದೂ ಪ್ರವಾದಿಯವರ ಮುಂದೆಯೇ, ನನಗೆ ಚೆನ್ನಾಗಿ ಬೇಡಲು ಬರಲ್ಲ ಎಂದು ನಾಚಿಕೊಂಡಿದ್ದ. ಮಂಡಕ್ಕಿ ಭಟ್ಟಿಯವಳೇ, ನಿನ್ನ ಭಯ ಅಷ್ಟು ಹಳೆಯದು.

ಹುಡುಗನಿಗೆ ಬೇರೆ ಉತ್ತರ. ನೀನು ವ್ಯಾಕರಣದವನು, ಅದಕ್ಕೇ ಇದನ್ನು ನಿನಗಾಗಿ ಎತ್ತಿಟ್ಟಿದ್ದೆ. ಕುರ್‌ಆನಿನಲ್ಲಿ ‘ನಿನ್ನನ್ನು ಅವರು ಕೇಳುತ್ತಾರೆ’ ಎಂದು ಪ್ರವಾದಿಯವರಿಗೆ ಹೇಳುವ ವಾಕ್ಯಗಳು ಹಲವು. ಚಂದ್ರನ ಕಲೆಗಳ ಬಗ್ಗೆ ಕೇಳುತ್ತಾರೆ, ‘ಹೇಳು’ ಎಂದು ಉತ್ತರ ಬರುತ್ತದೆ. ಮದ್ಯ, ಜೂಜಿನ ಬಗ್ಗೆ ಕೇಳುತ್ತಾರೆ, ಅಲ್ಲೂ ‘ಹೇಳು’. ಎರಡನೇ ಅಧ್ಯಾಯದ 186ನೇ ವಾಕ್ಯದಲ್ಲಿ, ರಮಜಾನಿನ ಉಪವಾಸದ ನಿಯಮಗಳ ನಡುವೆ, ಇನ್ನೊಂದು ಬರುತ್ತದೆ: ‘ನನ್ನ ದಾಸರು ನನ್ನ ಬಗ್ಗೆ ನಿನ್ನನ್ನು ಕೇಳಿದರೆ, ನಾನು ಹತ್ತಿರದಲ್ಲೇ ಇದ್ದೇನೆ. ಕರೆಯುವವನು ಕರೆದಾಗ ಓಗೊಡುತ್ತೇನೆ.’ ಇಲ್ಲಿ ‘ಹೇಳು’ ಇಲ್ಲ. ನಡುವೆ ನಿಂತು ತಿಳಿಸುವವರ ಕ್ರಿಯಾಪದವೇ ಬಿದ್ದುಹೋಗಿದೆ. ಇದನ್ನು ಗುರುತಿಸಿದವಳು ನಾನಲ್ಲ, ಹಿಂದಿನ ವ್ಯಾಖ್ಯಾನಕಾರರೇ ಗುರುತಿಸಿದ್ದಾರೆ. ಆದರೆ ಮೊದಲ ಸಲ ಗಮನಕ್ಕೆ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಡುವೆ ಪ್ರವಾದಿಯನ್ನೂ ನಿಲ್ಲಿಸಿಕೊಳ್ಳದೆ ಮಾತಾಡುವವನು ದುಭಾಷಿಯನ್ನು ಕೇಳುತ್ತಾನೆಯೇ? ನಿಮ್ಮ ನಿಮ್ಮ ಭಾಷೆ, ಬಣ್ಣಗಳು ಬೇರೆ ಬೇರೆಯಾಗಿರುವುದೂ ನನ್ನ ಕುರುಹು ಎಂದು 30ನೇ ಅಧ್ಯಾಯದಲ್ಲಿ ಅವನೇ ಹೇಳಿದ್ದಾನೆ.

ಹಾಗಾದರೆ ದುವಾ ತಡೆಯುವುದು ಏನು? ಭಾಷೆಯಲ್ಲ ಎಂದಾಯಿತು. ಇದಕ್ಕೆ ಉತ್ತರ ನಮ್ಮ ಅಪ್ಪನ ಗಾದಿ ಅಂಗಡಿಯಲ್ಲಿತ್ತು.

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಹತ್ತಿ ಗಿರಣಿಗಳ ಕಾಲದಲ್ಲಿ ಅಪ್ಪ ಹಳ್ಳಿ ಬಿಟ್ಟು ಇಲ್ಲಿಗೆ ಬಂದರು. ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವ ಕೆಲಸ. ಗಾದಿಯೊಳಗೆ ಏನಿದೆ ಎಂದು ಹೊಲಿಗೆ ಬಿಚ್ಚದೆ ಯಾರಿಗೂ ತಿಳಿಯದು. ಹಳೇ ಹತ್ತಿ ಹಿಂಜಿ ನಡುವೆ ತುಂಬಿ, ಮೇಲೆ ಕೆಳಗೆ ಒಂದೊಂದು ಪದರ ಹೊಸ ಹತ್ತಿ ಹಾಸಿದರೆ ಹೊಸ ಗಾದಿಯ ದುಡ್ಡಿಗೆ ಮಾರಬಹುದು. ಮದುವೆ ಸೀಜನ್ನಿನಲ್ಲಿ ಕೆಲಸಕ್ಕಿದ್ದ ಹುಡುಗ ಒಮ್ಮೆ ಹಾಗೆ ಮಾಡೋಣ ಎಂದ. ಅಪ್ಪ ಸೂಜಿಯಿಂದ ಕಣ್ಣೆತ್ತದೆ ಹೇಳಿದರು: “ಬೇಡಪ್ಪ. ಆ ದುಡ್ಡಲ್ಲಿ ಉಂಡು ಆಮೇಲೆ ಯಾವ ಕೈ ಎತ್ಲಿ?”

ಎಷ್ಟೋ ವರ್ಷದ ಮೇಲೆ ಇಮಾಮ್ ಮುಸ್ಲಿಮ್ ಎಂಬ ವಿದ್ವಾಂಸರ ಸಂಗ್ರಹದಲ್ಲಿ ಎರಡು ಹದೀಸ್ ಓದಿದೆ, ಎರಡೂ ಅಪ್ಪನ ಅಂಗಡಿಯ ಬಗ್ಗೆಯೇ ಬರೆದಂತಿದ್ದವು. ಒಂದರಲ್ಲಿ ಪ್ರವಾದಿಯವರು ಪೇಟೆಯಲ್ಲಿ ಕಾಳಿನ ರಾಶಿಯೊಳಗೆ ಕೈ ಹಾಕುತ್ತಾರೆ. ಮೇಲೆ ಒಣಗಿದೆ, ಒಳಗೆ ಒದ್ದೆ. ಇದೇನು ಎಂದರೆ ಮಾರುವವನು ಮಳೆ ಬಿತ್ತು ಎನ್ನುತ್ತಾನೆ. ಒದ್ದೆಯಾದದ್ದನ್ನು ಜನಕ್ಕೆ ಕಾಣುವಂತೆ ಮೇಲೇಕೆ ಹಾಕಲಿಲ್ಲ? ಮೋಸ ಮಾಡುವವನು ನನ್ನವನಲ್ಲ ಎನ್ನುತ್ತಾರೆ. ಇನ್ನೊಂದರಲ್ಲಿ ದೂರ ಪ್ರಯಾಣ ಮಾಡಿ ಕೆದರಿದ ತಲೆ, ಧೂಳು ಮೆತ್ತಿದ ಮೈಯಲ್ಲಿ ಆಕಾಶಕ್ಕೆ ಕೈ ಚಾಚಿ ‘ಯಾ ರಬ್, ಯಾ ರಬ್’ (ಒಡೆಯಾ, ಒಡೆಯಾ) ಎಂದು ಮೊರೆಯಿಡುವ ಒಬ್ಬ ಮನುಷ್ಯನ ಚಿತ್ರ. ನೋಡಿದರೆ ಕರುಳು ಚುರ್ ಎನ್ನಬೇಕು. ಆದರೆ ಅವನು ಉಂಡದ್ದು ಹರಾಮ್ (ನಿಷಿದ್ಧ), ಕುಡಿದದ್ದು ಹರಾಮ್, ಉಟ್ಟದ್ದು ಹರಾಮ್. ಅವನಿಗೆ ಉತ್ತರ ಎಲ್ಲಿಂದ ಬಂದೀತು ಎಂದು ಪ್ರವಾದಿಯವರು ಕೇಳುತ್ತಾರೆ. ಅವನು ಕರೆಯುತ್ತಿರುವುದು ಶುದ್ಧ ಅರಬ್ಬಿಯಲ್ಲೇ ಎಂಬುದನ್ನು ಗಮನಿಸಿ.

ಮುಆದರನ್ನು ಯೆಮನಿಗೆ ಕಳಿಸುವಾಗಲೂ ಅವರು ಕೊಟ್ಟ ಎಚ್ಚರಿಕೆ ಇದೇ ಜಾತಿಯದು: ನೊಂದವನ ಮೊರೆಗೆ ಹೆದರು, ಅದಕ್ಕೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲ. ಮಗ್ಗಿ ಒಪ್ಪಿಸದ ಮಗುವಿನ ಮೇಲೆ ಕೈ ಎತ್ತಲು ಹೋದಾಗೆಲ್ಲ ನನಗೆ ಇದು ನೆನಪಾಗಿದೆ. ಕೆಲವು ಸಲ ತಡವಾಗಿ.

ಬೇಡುವ ರೀತಿನೀತಿಗಳ ಬಗ್ಗೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ, ಉದ್ದ ಮಾಡುವುದಿಲ್ಲ. ಮೊದಲು ಅಲ್ಲಾಹನ ಸ್ತುತಿ, ಪ್ರವಾದಿಯವರಿಗೆ ಶುಭ ಕೋರುವ ದರೂದ್, ಆಮೇಲೆ ಬೇಡಿಕೆ. ರಾತ್ರಿಯ ಕೊನೆಯ ಮೂರನೇ ಭಾಗ, ಅಜಾನಿಗೂ ನಮಾಜು ಶುರುವಾಗುವ ಮುನ್ನ ಕೂಗುವ ಇಕಾಮತ್ತಿಗೂ ನಡುವಿನ ಹೊತ್ತು, ಉಪವಾಸ ಬಿಡುವ ಹೊತ್ತು ಒಳ್ಳೆಯವು. ನನಗೆ ಬಹಳ ಹಿಡಿಸಿದ್ದು ಒಂದು: ‘ನಿನಗೆ ಇಷ್ಟವಿದ್ದರೆ ಕ್ಷಮಿಸು’ ಎಂದು ಬೇಡಬೇಡಿ, ದೃಢವಾಗಿ ಕೇಳಿ, ಅವನನ್ನು ಬಲವಂತ ಮಾಡುವವರು ಯಾರೂ ಇಲ್ಲ ಎಂಬ ಮಾತು. ಸಾಲ ಕೇಳುವಾಗ ‘ಇದ್ರೆ ಕೊಡ್ರಿ, ಇಲ್ಲಾಂದ್ರೆ ಬ್ಯಾಡ’ ಎನ್ನುವ ನಮ್ಮ ಬಿಗುಮಾನ ಅಲ್ಲಿ ನಡೆಯುವುದಿಲ್ಲ.

ಮಳೆಯ ಮಾತು ಎತ್ತದೆ ನಮ್ಮ ಕಡೆಯ ದುವಾ ಮುಗಿಯದು. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಅಜ್ಜಿಯ ಊರಲ್ಲಿ ಶೇಂಗಾ ಬಿತ್ತಿದ ಮೇಲೆ ಹನಿಯೇ ಬೀಳಲಿಲ್ಲ. ಹುಡುಗರು ಮಳೆರಾಯನನ್ನು ಹೊತ್ತು ಮನೆಮನೆ ತಿರುಗಿದರು, ಅಜ್ಜಿ ಅವರ ಮೇಲೂ ಒಂದು ಕೊಡ ನೀರು ಸುರಿದಳು. ಗಂಡಸರು ಈದ್ಗಾಕ್ಕೆ ಹೊರಟರು. ಹಬ್ಬದ ಬಟ್ಟೆಯಲ್ಲ, ಹಳೇ ಬಟ್ಟೆ. ಎರಡು ರಕಾತ್ ನಮಾಜಾದ ಮೇಲೆ ಇಮಾಮರು ಹೆಗಲ ಮೇಲಿನ ಚಾದರವನ್ನು ತಿರುವಿ ಹಾಕಿಕೊಂಡರು, ಈ ಸ್ಥಿತಿಯನ್ನೂ ಹೀಗೇ ತಿರುವಿಬಿಡು ಎಂಬಂತೆ. ಆಮೇಲೆ ಅಂಗೈ ನೆಲದ ಕಡೆ, ಮುಂಗೈ ಮುಗಿಲ ಕಡೆ ಮಾಡಿ ಕೈ ಎತ್ತಿದರು. ಬೇಲಿಯಾಚೆ ನಿಂತಿದ್ದ ನನಗೆ ಅವರು ಮುಗಿಲನ್ನು ಕೆಳಕ್ಕೆ ಅದುಮುತ್ತಿದ್ದಾರೆ ಅನಿಸಿತು. ಮಳೆ ಬಂತಾ ಎಂದು ಕೇಳಬೇಡಿ. ಬಂತು, ಹದಿನೈದು ದಿನಕ್ಕೆ. ಅರ್ಧ ಬೆಳೆ ಅಷ್ಟರಲ್ಲಿ ಹೋಗಿತ್ತು.

ಮದೀನಾದಲ್ಲಿ ಹಾಗಾಗಲಿಲ್ಲ. ಶುಕ್ರವಾರದ ಪ್ರವಚನದ ನಡುವೆ ಒಬ್ಬ ಎದ್ದು ದನಕರು ಸಾಯುತ್ತಿವೆ ಎಂದ, ಪ್ರವಾದಿಯವರು ಕೈ ಎತ್ತಿದರು, ಮುಂದಿನ ಶುಕ್ರವಾರದವರೆಗೂ ಸುರಿಯಿತು. ಆಗ ಮತ್ತೆ ಒಬ್ಬ ಎದ್ದ: ಮನೆ ಕುಸಿಯುತ್ತಿವೆ, ನಿಲ್ಲಿಸಲು ಹೇಳಿ! ಪ್ರವಾದಿಯವರು ‘ನಮ್ಮ ಸುತ್ತಮುತ್ತ ಸುರಿಸು, ನಮ್ಮ ಮೇಲೆ ಬೇಡ’ ಎಂದು ಬೇಡಿದರು. 2022ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಇಡೀ ಚಿತ್ರದುರ್ಗ ಜಿಲ್ಲೆ ಜಾತ್ರೆಗೆ ಹೋದಂತೆ ನೋಡಲು ಹೋಯಿತು. ಅದೇ ಮಳೆಯಲ್ಲಿ ನಮ್ಮ ಮಾವನ ಶೇಂಗಾ ಹೊಲದಲ್ಲೇ ಕೊಳೆಯಿತು. ಫೋನಿನಲ್ಲಿ ಮಾವ, “ನಿಮ್ಮಜ್ಜಿ ಆವತ್ತು ಕೇಳಿದ್ದು ಈಗ ಬಂದೈತೆ ಕಣಮ್ಮಾ” ಎಂದು ನಕ್ಕರು. ಅಷ್ಟು ನಷ್ಟದಲ್ಲೂ.

ಕೇಳಿದ್ದು ಸಿಗದಿದ್ದರೆ? ಇದು ಹುಡುಗ ಕೇಳದಿದ್ದ, ಆದರೆ ಕೇಳಬೇಕಿದ್ದ ಪ್ರಶ್ನೆ. ಫೋಮ್ ಹಾಸಿಗೆ ಬಂದ ಮೇಲೆ ಅಪ್ಪನ ಅಂಗಡಿಗೆ ಗಿರಾಕಿ ಕಡಿಮೆಯಾದರು. ಅಪ್ಪ ಬೆಳಗಿನ ಜಾವದ ಫಜರ್ ನಮಾಜಿನ ನಂತರ ಬಹಳ ಹೊತ್ತು ಕೂರುತ್ತಿದ್ದರು. ಅಂಗಡಿ ಉಳಿಯಲಿಲ್ಲ. ಬಾಗಿಲು ಹಾಕಿದ ದಿನ ನಾನೇ ಸಿಟ್ಟಿನಿಂದ, ಇಷ್ಟು ವರ್ಷ ಬೇಡಿದ್ದು ಎಲ್ಲಿ ಹೋಯಿತು ಎಂದೆ. ಅಪ್ಪ, “ಎತ್ತಿಟ್ಟಿರ್ತಾನೆ” ಎಂದರು. ಅದು ಅವರ ಸ್ವಂತ ಮಾತಲ್ಲ, ಮುಸ್ನದ್ ಅಹ್ಮದ್ ಸಂಗ್ರಹದ ಹದೀಸಿನ ತಿರುಳು: ಪಾಪಕ್ಕಾಗಿಯೋ ಸಂಬಂಧ ಕಡಿಯುವುದಕ್ಕಾಗಿಯೋ ಅಲ್ಲದ ದುವಾಗೆ ಮೂರರಲ್ಲಿ ಒಂದು ಸಿಗುತ್ತದೆ. ಕೇಳಿದ್ದೇ ಬೇಗ ಸಿಗಬಹುದು, ಪರಲೋಕಕ್ಕೆ ಎತ್ತಿಡಬಹುದು, ಇಲ್ಲವೇ ಅಷ್ಟೇ ದೊಡ್ಡ ಕೇಡೊಂದು ತಪ್ಪಬಹುದು. ನನಗೆ ಆವತ್ತು ಸಮಾಧಾನವಾಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ. ಆದರೆ ಕುರ್‌ಆನಿನ 19ನೇ ಅಧ್ಯಾಯದಲ್ಲಿ ಮುದುಕರಾದ ಪ್ರವಾದಿ ಝಕರಿಯಾ ಮೆಲುದನಿಯಲ್ಲಿ ಮಗುವಿಗಾಗಿ ಬೇಡುವುದನ್ನು ಓದುವಾಗೆಲ್ಲ ಅಪ್ಪನೇ ಕಣ್ಣಿಗೆ ಬರುತ್ತಾರೆ. ‘ನನ್ನ ಮೂಳೆಗಳು ಸವೆದಿವೆ, ತಲೆಗೆ ನರೆಯ ಬೆಂಕಿ ಹತ್ತಿದೆ. ಒಡೆಯಾ, ನಿನ್ನನ್ನು ಕರೆದು ನಾನೆಂದೂ ನಿರಾಶನಾಗಿಲ್ಲ.’ ಅಪ್ಪನ ತಲೆ ಮೇಲಿದ್ದದ್ದು ನರೆಯೋ ಹತ್ತಿಯ ಎಳೆಯೋ ಎಂದು ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಮಂಡಕ್ಕಿ ಭಟ್ಟಿಯವಳಿಗೆ ಇಷ್ಟೆಲ್ಲ ಹೇಳಲಿಲ್ಲ. ಕನ್ನಡದಲ್ಲೇ ಬೇಡು, ಚಪ್ಪಲಿ ಬಾರು ಹರಿದರೂ ಅವನನ್ನೇ ಕೇಳಿ ಎಂಬ ಮಾತು ತಿರ್ಮಿದಿಯವರ ಹದೀಸ್ ಸಂಗ್ರಹದಲ್ಲಿದೆ ಎಂದೆ. ಅವಳು ಸ್ವಲ್ಪ ಯೋಚಿಸಿ, “ಅತ್ತೆ ಬಗ್ಗೆ ಒಂದ್ ಮಾತು ಹೇಳ್ಬೌದಾ?” ಎಂದಳು. ಸಂಬಂಧ ಕಡಿಯೋದು ಬಿಟ್ಟು ಬೇರೆ ಕೇಳು ಎಂದೆ. ನಕ್ಕಳು. “ಹಂಗಾದ್ರೆ ಮಗಳ ಸ್ಕಾಲರ್‌ಶಿಪ್ಪು.”

“ಅರ್ಜಿ ಹಾಕಿದ್ದೀಯಾ?”

ಹಾಕಿರಲಿಲ್ಲ. ಒಂಟೆಯನ್ನು ಕಟ್ಟಿ ದೇವರ ಮೇಲೆ ಭಾರ ಹಾಕಲೋ, ಬಿಟ್ಟು ಭಾರ ಹಾಕಲೋ ಎಂದು ಕೇಳಿದವನಿಗೆ ಪ್ರವಾದಿಯವರು ‘ಕಟ್ಟು, ಆಮೇಲೆ ಭಾರ ಹಾಕು’ ಎಂದ ಕಥೆ ಹೇಳಿದೆ. ಮರುದಿನ ಭಟ್ಟಿಗೆ ಹೋಗುವ ಮುಂಚೆ, ಬೆಳಕು ಹರಿಯುವ ಹೊತ್ತಿಗೆ ಬಾಗಿಲು ಬಡಿದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಧಾರ್ ಕಾರ್ಡು, ಪಾಸ್‌ಬುಕ್ಕು, ಆದಾಯ ಪ್ರಮಾಣಪತ್ರ, ಮಗಳ ಅಂಕಪಟ್ಟಿ. ಮಳೆ ಹನಿಯುತ್ತಿತ್ತೆಂದು ಚೀಲದ ಬಾಯಿಗೆ ಎರಡು ಗಂಟು ಹಾಕಿದ್ದಳು. ನಾನು ಗಂಟು ಬಿಚ್ಚುತ್ತಿದ್ದಾಗ ಅವಳ ತುಟಿ ಅಲುಗುತ್ತಿತ್ತು.