ಫ್ರಿಜ್ಜಿನ ಕೆಳಗಿನ ನೀರು ಎಲ್ಲಿಂದ ಬಂತು?

ಜೋರು ಮಳೆಯ ಆಟಿ ತಿಂಗಳಲ್ಲಿ ಉಡುಪಿಯ ಮನೆಗಳಲ್ಲಿ ನೆಲ ಒದ್ದೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೆಲವೇ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ. ಆದರೆ ನಮ್ಮ ಫ್ರಿಜ್ಜಿನ ಮುಂದೆ ಒರೆಸಿದಷ್ಟೂ ನೀರು ಬರುತ್ತಿತ್ತು. ಅತ್ತೆಗೆ ಎಪ್ಪತ್ತು ದಾಟಿದೆ. ರಾತ್ರಿ ಎದ್ದು ಅಡುಗೆಮನೆಗೆ ಬರುತ್ತಾರೆ. ಅವರು ಜಾರಿ ಬಿದ್ದರೆ ಏನು ಗತಿ ಎನ್ನುವುದೇ ನನ್ನ ಚಿಂತೆ.

ರಿಪೇರಿಯವರೊಬ್ಬರು ಫೋನಿನಲ್ಲೇ "ಗ್ಯಾಸ್ ಹೋಗಿರಬೇಕು ಮೇಡಂ, ತುಂಬಿಸಬೇಕು" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಗ್ಯಾಸ್ ಹೋದರೆ ಫ್ರಿಜ್ ತಂಪಾಗುವುದಿಲ್ಲ. ನಮ್ಮ ಹಾಲು, ಮೊಸರು ತಣ್ಣಗೇ ಇದ್ದವು. ಮತ್ತೆ ಗ್ಯಾಸ್ ಸೋರಿದರೆ ಗಾಳಿಗೆ ಹೋಗುತ್ತದೆ, ನೆಲದಲ್ಲಿ ನೀರಾಗಿ ನಿಲ್ಲುವುದಿಲ್ಲ ಅಲ್ವಾ?

ನಮ್ಮದು ಒಂದೇ ಬಾಗಿಲಿನ ಫ್ರಿಜ್. ಡಿಫ್ರಾಸ್ಟ್ ಬಟನ್ ಒತ್ತಿದರೆ ಫ್ರೀಜರಿನ ಐಸ್ ಕರಗಿ, ಒಳಗೆ ಹಿಂಬದಿಯ ಚಿಕ್ಕ ತೂತಿನಿಂದ ಪೈಪಿಗೆ ಇಳಿಯುತ್ತದೆ. ಪೈಪಿನಿಂದ ಹಿಂದೆ ಕಂಪ್ರೆಸರಿನ ಮೇಲಿರುವ ಟ್ರೇಗೆ. ಕಂಪ್ರೆಸರಿನ ಬಿಸಿಗೆ ಆ ನೀರು ನಿಧಾನವಾಗಿ ಆರಿಹೋಗುತ್ತದೆ. ಈ ದಾರಿಯಲ್ಲಿ ಎಲ್ಲೋ ತಡೆ ಇರಬೇಕು ಅನ್ನಿಸಿತು.

ಪ್ಲಗ್ ತೆಗೆದು, ನೆಲ ಒರೆಸಿ, ಫ್ರಿಜ್ಜಿನ ಮುಂದೆಯೂ ಹಿಂದೆಯೂ ಹಳೆಯ ಪೇಪರ್ ಹಾಸಿದೆ. ಐಸ್ ಕರಗುತ್ತಾ ಬಂದಂತೆ ಮುಂದಿನದ್ದು ನೆನೆಯಿತು, ಹಿಂದಿನದ್ದು ಗರಿಗರಿಯಾಗಿಯೇ ಉಳಿಯಿತು. ಹಿಂದಿನದ್ದು ನೆನೆದಿದ್ದರೆ ಟ್ರೇ ಒಡೆದಿದೆಯೋ, ಪೈಪ್ ಜಾರಿದೆಯೋ ಎಂದು ನೋಡಬೇಕಿತ್ತು. ತರಕಾರಿ ಡಬ್ಬಿ ಹೊರಗೆಳೆದರೆ ಅದರಡಿಯಲ್ಲಿ ನೀರು ನಿಂತಿತ್ತು. ಅಲ್ಲಿ ತುಂಬಿ ಬಾಗಿಲ ಸಂದಿನಿಂದ ಹೊರಗೆ ಬರುತ್ತಿತ್ತು.

ಟಾರ್ಚ್ ಹಾಕಿ ನೋಡಿದೆ. ತೂತಿನ ಬಾಯಿಗೆ ಕಪ್ಪಾದ ಕರಿಬೇವಿನ ಎಲೆಯೊಂದು ಅಂಟಿಕೊಂಡಿತ್ತು. ಅದರ ಮೇಲೆ ತೆಂಗಿನಕಾಯಿ ತುರಿಯ ಜಿಡ್ಡು, ಬೆರಳಿಗೆ ಲೋಳೆಲೋಳೆ. "ಮಗುವಿಗೆ ಔಷಧಿ ಕೊಡುವ ಸಿರಿಂಜ್ ಉಂಟಲ್ಲ, ಹಳೆಯದ್ದು, ಅದರಲ್ಲಿ ನೀರು ಬಿಡು" ಎಂದರು ಅತ್ತೆ. ಒಳ್ಳೆಯ ಉಪಾಯ. ಎಲೆ ತೆಗೆದು ಉಗುರುಬೆಚ್ಚಗಿನ ನೀರನ್ನು ಮೆಲ್ಲನೆ ಬಿಟ್ಟೆ. ಮೊದಲು ಗುಳುಗುಳು ಎಂದು ವಾಪಸ್ ಬಂತು. ಮತ್ತೆ ಬಿಟ್ಟಾಗ ಸರ್ರನೆ ಇಳಿದು ಹಿಂದಿನ ಟ್ರೇಗೆ ಬಿದ್ದ ಸದ್ದು ಕೇಳಿತು. ಆ ಖುಷಿ ಹೇಳತೀರದು!

ಐಸ್ ಬೇಗ ಹೋಗಲಿ ಎಂದು ಕೆಲವರು ಫ್ರೀಜರಿಗೆ ಚೂರಿ ಹಾಕುತ್ತಾರೆ. ದಯವಿಟ್ಟು ಬೇಡ. ಒಳಗಿನ ಗ್ಯಾಸಿನ ಕೊಳವೆ ತೂತಾದರೆ ಮುಗಿಯಿತು. ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿರುವ ಆರ್-600ಎ ಬೆಂಕಿ ಹಿಡಿಯುವ ಗ್ಯಾಸ್. ಐಸ್ ತಾನಾಗಿ ಕರಗಲಿ.

ಬಾಗಿಲಿನ ರಬ್ಬರನ್ನೂ ನೋಡಿದೆ. ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೆದರೆ ಬಿಗಿಯಾಗಿತ್ತು. ಸಡಿಲವಿದ್ದರೆ ನಮ್ಮ ಕರಾವಳಿಯ ತೇವದ ಗಾಳಿ ಒಳಗೆ ನುಗ್ಗಿ ಐಸ್ ಜಾಸ್ತಿ ಕಟ್ಟುತ್ತದೆ.

ನಿಜಕ್ಕೂ ಭಯವಾದದ್ದು ಹಿಂದಿನ ಟ್ರೇ ನೋಡಿದಾಗ. ಮಳೆಗಾಲದಲ್ಲಿ ಅಲ್ಲಿನ ನೀರು ಬೇಗ ಆರುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಧಾರಾಳ ಸಾಕು. ಹೂಕುಂಡದ ತಟ್ಟೆ, ಅಂಗಳದ ಚಿಪ್ಪು ಎಲ್ಲ ಕವುಚಿ ಹಾಕುತ್ತೇವೆ, ಇದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಈಗ ವಾರಕ್ಕೊಮ್ಮೆ ಪ್ಲಗ್ ತೆಗೆದು, ಆ ಟ್ರೇಯ ನೀರನ್ನು ಬಟ್ಟೆಯಲ್ಲಿ ಹೀರಿ, ಉಜ್ಜಿ ಒರೆಸುತ್ತೇನೆ. ಕರಿಬೇವಿಗೆ ಮುಚ್ಚಳದ ಡಬ್ಬಿ ಬಂದಿದೆ.