ಸದ್ದು ಅಭ್ಯಾಸವಾಗುತ್ತದೆ ಅನ್ನುವವರಿಗೆ

ರಸ್ತೆ ಬದಿಯಲ್ಲಿ ಮನೆ ಮಾಡಿದವರನ್ನು ಕೇಳಿ ನೋಡಿ: 'ಮೊದಮೊದಲು ಕಷ್ಟ, ಆಮೇಲೆ ಅಭ್ಯಾಸ ಆಗಿಬಿಡುತ್ತೆ' ಅನ್ನುತ್ತಾರೆ. ದೊಡ್ಡವರ ಮಟ್ಟಿಗೆ ಇದು ಅರ್ಧ ನಿಜ. ಓದು ಕಲಿಯುತ್ತಿರುವ ಮಕ್ಕಳ ವಿಷಯದಲ್ಲಿ ಮಾತ್ರ ಆ ಅಭ್ಯಾಸವೇ ತೊಂದರೆ.

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಪಿ.ಎಸ್. 98 ಎಂಬ ಸರ್ಕಾರಿ ಶಾಲೆ. ಅದರ ಒಂದು ಪಕ್ಕಕ್ಕೆ ಕಂಬಗಳ ಮೇಲೆ ರೈಲು ಹಳಿ. ಸುಮಾರು ನಾಲ್ಕೂವರೆ ನಿಮಿಷಕ್ಕೊಂದು ರೈಲು. ಅದು ಹಾಯುವಾಗ ಆ ಬದಿಯ ಕೋಣೆಗಳಲ್ಲಿ 89 ಡೆಸಿಬಲ್ (ಸದ್ದನ್ನು ಅಳೆಯುವ ಮಾನ) ಸದ್ದು. ಮನೋವಿಜ್ಞಾನಿ ಆರ್ಲಿನ್ ಬ್ರಾನ್ಜಾಫ್ಟ್ ಮತ್ತು ಡೆನ್ನಿಸ್ ಮೆಕಾರ್ಥಿ 1975ರಲ್ಲಿ ಎರಡೂ ಬದಿಯ ಮಕ್ಕಳ ಓದಿನ ಅಂಕಗಳನ್ನು ಹೋಲಿಸಿದರು. ಶಾಲೆ ಒಂದೇ, ಪಾಠ ಒಂದೇ. ಆದರೂ ಆರನೇ ತರಗತಿಗೆ ಬರುವಷ್ಟರಲ್ಲಿ ಹಳಿ ಬದಿಯವರು ಹೆಚ್ಚುಕಡಿಮೆ ಒಂದು ವರ್ಷ ಹಿಂದುಳಿದಿದ್ದರು.

ಪಾಠ ನಿಂತು ನಿಂತು ಸಾಗುವುದು ಒಂದು ಕಾರಣ. ಇನ್ನೊಂದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದೇ ಊರಿನಲ್ಲಿ ಹೆದ್ದಾರಿಯ ಮೇಲೆಯೇ ಕಟ್ಟಿದ ಬಹುಮಹಡಿ ಕಟ್ಟಡಗಳಲ್ಲಿ ಕೋಹೆನ್, ಗ್ಲಾಸ್, ಸಿಂಗರ್ ಎಂಬ ಸಂಶೋಧಕರು 1973ರಲ್ಲಿ ಅಧ್ಯಯನ ಮಾಡಿದ್ದರು. ಕೆಳ ಮಹಡಿಗಳಲ್ಲಿ ವರ್ಷಗಟ್ಟಲೆ ಇದ್ದ ಮಕ್ಕಳಿಗೆ ಹತ್ತಿರದ ಉಚ್ಚಾರಗಳನ್ನು, ಅಂದರೆ ನಮ್ಮ ಬಲೆ-ಬಳೆಯಂಥ ಜೋಡಿಗಳನ್ನು, ಬೇರ್ಪಡಿಸಿ ಕೇಳುವುದು ಕಷ್ಟವಾಗಿತ್ತು. ಕಿವಿ ಸರಿಯಾಗಿಯೇ ಇತ್ತು. ಗದ್ದಲಕ್ಕೆ ಗಮನ ಕೊಡದಿರಲು ಕಲಿತ ಮನಸ್ಸು ಮಾತಿಗೂ ಗಮನ ಕೊಡುವುದನ್ನು ಬಿಡುತ್ತದೆ ಎಂಬುದು ಅವರ ವಿವರಣೆ.

ಪಿ.ಎಸ್. 98ರಲ್ಲಿ ಮುಂದೆ ಹಳಿಯಡಿ ರಬ್ಬರ್ ಪ್ಯಾಡ್ ಹಾಕಿದರು, ಗದ್ದಲದ ಕೋಣೆಗಳಿಗೆ ಸದ್ದು ಹೀರುವ ಚಾವಣಿ ಕೂರಿಸಿದರು. 1981ರ ವರದಿಯ ಹೊತ್ತಿಗೆ ಎರಡೂ ಬದಿಯ ಅಂಕಗಳಲ್ಲಿ ವ್ಯತ್ಯಾಸ ಉಳಿದಿರಲಿಲ್ಲ.

ನಮ್ಮ ಶಾಲೆಗಳಲ್ಲಿ ಏನು ಮಾಡಬಹುದು? ಮೊದಲು ಅಳೆಯಿರಿ. ಮೊಬೈಲ್ ಆ್ಯಪ್ ನಾಲ್ಕೈದು ಡೆಸಿಬಲ್ ತಪ್ಪಿದರೂ ಎರಡು ಕೋಣೆ ಹೋಲಿಸಲು ಸಾಕು. ಮಕ್ಕಳಿಲ್ಲದಾಗ, ಕಿಟಕಿ ದಿನಾ ಇರುವಂತೆಯೇ ಇಟ್ಟು, ಕೊನೆಯ ಬೆಂಚಿನಲ್ಲಿ. ಪಾಠದ ವೇಳೆ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಟೀಚರ್ ಸ್ವರ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್; ಬಯಲಲ್ಲಾದರೆ ದೂರ ಇಮ್ಮಡಿಸಿದಂತೆಲ್ಲ 6 ಕಳೆಯುತ್ತದೆ. ಮಾತು ಗದ್ದಲಕ್ಕಿಂತ 15ರಷ್ಟು ಮೇಲಿದ್ದರೆ ಮಕ್ಕಳಿಗೆ ಸ್ಪಷ್ಟ. ಕೋಣೆಯ ಗೋಡೆಗಳು ಸ್ವರವನ್ನು ಎತ್ತಿಕೊಡುತ್ತವೆ ನಿಜ, ಆದರೆ ಬರಿಯ ಗಾರೆ, ಸಿಮೆಂಟ್ ನೆಲವಿದ್ದರೆ ಅಕ್ಷರಗಳನ್ನು ಕಲಸಿಯೂ ಬಿಡುತ್ತವೆ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದು ದಂಡ. ಒಳಗಿನ ಪ್ರತಿಧ್ವನಿಯನ್ನು ಅದು ತುಸು ತಗ್ಗಿಸೀತು, ಹೊರಗಿನದನ್ನು ತಡೆಯಲಾರದು. ತಡೆಯಲು ಭಾರವಾದ, ಸಂದಿಯಿಲ್ಲದ ವಸ್ತು ಬೇಕು. ವೆಂಟಿಲೇಟರ್ ತೆರೆದಿಟ್ಟು ದಪ್ಪ ಗಾಜು ಹಾಕಿಸಿದರೆ ದುಡ್ಡು ಹೋದಂತೆ. ಎಲ್ಲ ಮುಚ್ಚಿದರೆ ಏಪ್ರಿಲ್‌ನಲ್ಲಿ ಉಸಿರುಗಟ್ಟುತ್ತದೆ. ಹಾಗಾಗಿ ನನ್ನ ಮೊದಲ ಸಲಹೆ ಕೋಣೆ ಅದಲುಬದಲು: ರಸ್ತೆ ಬದಿಗೆ ಸ್ಟಾಫ್ ರೂಮು, ಸ್ಟೋರು, ಒಂದರಿಂದ ಮೂರನೇ ತರಗತಿಯವರು ಹಿಂಬದಿಗೆ. ಖರ್ಚಿಲ್ಲ. ಆಮೇಲೆ ಬೆಂಚುಗಳ ಕಾಲಿಗೆ ರಬ್ಬರ್ ಬುಷ್, ಹಿಂಗೋಡೆಗೆ ದಪ್ಪ ಬಟ್ಟೆಯ ನೋಟಿಸ್ ಬೋರ್ಡು. ಕಟಕಟ ಅನ್ನುವ ಫ್ಯಾನನ್ನೂ ರಿಪೇರಿ ಮಾಡಿಸಿ. ಅದು ಮಕ್ಕಳ ತಲೆಯ ಮೇಲೆಯೇ ಇರುವ ಸದ್ದು.